ಸ್ಟೀಮ್ ಲೈನಿನ ಬೆಲ್ಲೋಸ್: ಮಾಲು ಒಳ್ಳೆಯದು, ಆಂಕರ್ ಖರ್ಚು ನಿಮ್ಮದು

ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ನಮ್ಮ ಕಾರ್ಖಾನೆ. ಬಾಯ್ಲರ್‌ನಿಂದ ಹೊರಡುವ 6 ಇಂಚಿನ ಸ್ಟೀಮ್ ಲೈನಿಗೆ ಸ್ಟೇನ್‌ಲೆಸ್ ಸ್ಟೀಲ್ ಬೆಲ್ಲೋಸ್ (ಪೈಪು ಬಿಸಿಗೆ ಬೆಳೆದಾಗ ಅದುಮಿಕೊಂಡು ಜಾಗ ಕೊಡುವ, ಮಡಿಕೆ ಮಡಿಕೆಯ ತಗಡಿನ ಕೊಳವೆ) ಹಾಕಿಸಿ ಐದಾರು ವರ್ಷ ಆಯ್ತು. ಇವತ್ತಿಗೂ ಸೋರಿಲ್ಲ. ಆದರೂ ಐದಕ್ಕೆ ನಾಲ್ಕೇ ಸ್ಟಾರ್. ಯಾಕೆ ಅಂತ ಹೇಳ್ತೀನಿ.

ನಮ್ಮ ಲೈನ್ ಚದರ ಸೆಂ.ಮೀ.ಗೆ 7 ಕೆಜಿ ಪ್ರೆಷರಿನದು, ಉಗಿ ಸುಮಾರು 170 ಡಿಗ್ರಿ. ಅಷ್ಟು ಬಿಸಿಗೆ 30 ಮೀಟರ್ ಪೈಪು ಹತ್ತಿರಹತ್ತಿರ 50 ಮಿ.ಮೀ. ಬೆಳೆಯುತ್ತದೆ. ಪೈಪನ್ನೇ U ಆಕಾರಕ್ಕೆ ಬಗ್ಗಿಸಿ ಲೂಪ್ ಹಾಕೋಣ ಅಂದರೆ ಶೆಡ್ಡಿನಲ್ಲಿ ಜಾಗವಿಲ್ಲ. ಹಾಗಾಗಿ ಬೆಲ್ಲೋಸ್.

ಮಾಲು ಬಂದ ದಿನ ಇಂಡಿ ಕಡೆಯ ನಮ್ಮ ಫಿಟ್ಟರ್ ಬೆರಳಲ್ಲಿ ತಟ್ಟಿ ನೋಡಿ, 'ಸಾಹೇಬ್ರ, ಇಷ್ಟು ತೆಳು ತಗಡು ಪ್ರೆಷರ್ ತಡೀತೈತೇನ್ರಿ?' ಅಂದ. ಸರಿಯಾದ ಪ್ರಶ್ನೆ. ಸುತ್ತಲೂ ಒಡೆಯಲು ನೋಡುವ ಪ್ರೆಷರನ್ನು ಅದು ತಡೆಯುತ್ತದೆ. ಮಡಿಕೆಯ ಆಕಾರವೇ ಅದಕ್ಕೆ ಬಲ. ದಪ್ಪನೆಯ ಒಂದೇ ತಗಡಾದರೆ ಬಾಗುವುದಿಲ್ಲ, ಅದಕ್ಕೇ ಪ್ರೆಷರ್ ಜಾಸ್ತಿಯಾದಂತೆ ತೆಳು ತಗಡುಗಳನ್ನೇ ಪದರ ಪದರವಾಗಿ ಸೇರಿಸುತ್ತಾರೆ.

ಉದ್ದಕ್ಕೆ ಎಳೆಯುವ ಪ್ರೆಷರ್ ಮಾತ್ರ ಬೇರೆ ಕಥೆ. ಅದನ್ನು ಬೆಲ್ಲೋಸ್ ತಡೆಯುವುದೇ ಇಲ್ಲ. ಬಿಟ್ಟರೆ ಹಾರ್ಮೋನಿಯಂ ತಿದಿಯ ಹಾಗೆ ಬಿಚ್ಚಿಕೊಳ್ಳುತ್ತದೆ. ಲೆಕ್ಕ ಕಷ್ಟದ್ದಲ್ಲ. ಮಡಿಕೆಯ ಸರಾಸರಿ ವ್ಯಾಸ 19 ಸೆಂ.ಮೀ. ಅಂದರೆ ವಿಸ್ತೀರ್ಣ 283 ಚದರ ಸೆಂ.ಮೀ. ಅದನ್ನು 7ರಿಂದ ಗುಣಿಸಿ: ಸುಮಾರು 2 ಟನ್. ನೀರು ತುಂಬಿ ಒಂದೂವರೆ ಪಟ್ಟು ಪ್ರೆಷರ್ ಕೊಟ್ಟು ನೋಡುವ ಹೈಡ್ರೋ ಟೆಸ್ಟಿನಲ್ಲಿ 3 ಟನ್. ಅಷ್ಟನ್ನೂ ಎರಡು ತುದಿಯ ಆಂಕರ್‌ಗಳೇ, ಅಂದರೆ ಪೈಪನ್ನು ಅಲುಗದಂತೆ ಹಿಡಿಯುವ ಕಟ್ಟುಗಳೇ, ಹೊರಬೇಕು. ಮಾರಿದವರು ಇದರ ಬಗ್ಗೆ ತುಟಿ ಬಿಚ್ಚಲಿಲ್ಲ. ಹೋದ ಸ್ಟಾರ್ ಇದಕ್ಕೇ.

ಕೆಲಸಕ್ಕೆ ಬಂದ ಕಂಟ್ರಾಕ್ಟರ್ ಇನ್ನೂ ಮೇಲು! ಆಂಕರ್ ಜಾಗದಲ್ಲಿ ಒಂದು ಆ್ಯಂಗಲ್ ತುಂಡು, ಪೈಪು ಉದ್ದಕ್ಕೆ ಮಾತ್ರ ಜರುಗುವಂತೆ ನೇರ ಹಿಡಿಯುವ ಗೈಡ್ ಜಾಗದಲ್ಲಿ ಹ್ಯಾಂಗರ್. ತೂಗಾಡುವ ಹ್ಯಾಂಗರ್ ಪೈಪನ್ನು ನೇರ ಹಿಡಿಯುತ್ತಾ? ಪೈಪು ಪಕ್ಕಕ್ಕೆ ಜರುಗಿದರೆ ಒಳಗಿನ ಪ್ರೆಷರೇ ಬೆಲ್ಲೋಸನ್ನು ಹಾವಿನಂತೆ ಸೊಟ್ಟ ಮಾಡುತ್ತದೆ. ಎಲ್ಲ ಬಿಚ್ಚಿಸಿ, ಕಾಲಮ್ಮಿಗೆ ಗಟ್ಟಿ ಆಂಕರ್ ವೆಲ್ಡ್ ಮಾಡಿಸಿದೆವು. ಮೊದಲ ಗೈಡ್ ಬೆಲ್ಲೋಸಿನಿಂದ ಪೈಪಿನ ವ್ಯಾಸದ 4 ಪಟ್ಟು ದೂರದೊಳಗೆ, ಅಲ್ಲಿಂದ ಎರಡನೆಯದು 14 ಪಟ್ಟಿನೊಳಗೆ. ನಮ್ಮ ಲೈನಿಗೆ 60 ಸೆಂ.ಮೀ., ಆಮೇಲೆ 2 ಮೀಟರ್ ಚಿಲ್ಲರೆ. ಸಿವಿಲ್, ವೆಲ್ಡಿಂಗ್ ಎಲ್ಲ ಸೇರಿ ಬಿಲ್ಲು ಬೆಲ್ಲೋಸ್ ಬೆಲೆಯನ್ನೂ ಮೀರಿತು.

ಬೆಲ್ಲೋಸಿನ ಎರಡೂ ತುದಿ ಸೇರಿಸಿ ಕಟ್ಟುವ ಟೈ ರಾಡ್ ಹಾಕಿದರೆ ಆಂಕರ್ ಖರ್ಚು ಉಳಿಯುತ್ತೆ ಅಂತ ಕೆಲವರು ಹೇಳ್ತಾರೆ. ಟೈ ರಾಡ್ ಎಳೆತ ಹೊರುತ್ತದೆ ನಿಜ, ಆದರೆ ಉದ್ದಕ್ಕೆ ಜರುಗುವುದನ್ನೂ ನಿಲ್ಲಿಸುತ್ತದೆ. ಹಾಗಾದರೆ ನೇರ ಲೈನಿನಲ್ಲಿ ಬೆಲ್ಲೋಸ್ ಹಾಕಿದ್ದಾದರೂ ಏಕೆ? ಸಾಗಾಣಿಕೆಗೆ ಅಂತ ಕಟ್ಟಿರುವ ಹಳದಿ ರಾಡುಗಳನ್ನಂತೂ ಉಗಿ ಬಿಡುವ ಮೊದಲು ತೆಗೆಯಲೇಬೇಕು.

ಪ್ರತಿ ಶಟ್‌ಡೌನಿನಲ್ಲಿ ಮಡಿಕೆಗಳ ನಡುವಿನ ಅಂತರ ಸುತ್ತಲೂ ಒಂದೇ ಇದೆಯಾ ಅಂತ ಅಳೆಯುತ್ತೇವೆ. ಮಳೆಗಾಲಕ್ಕೆ ಮುಂಚೆ ಲ್ಯಾಗಿಂಗ್ (ಶಾಖ ಹೋಗದಂತೆ ಸುತ್ತುವ ಹೊದಿಕೆ) ಮೇಲಿನ ಶೀಟ್ ಸರಿಮಾಡಿಸುತ್ತೇವೆ. ಒದ್ದೆಯಾದ ಲ್ಯಾಗಿಂಗಿನಲ್ಲಿ ಕ್ಲೋರೈಡ್ ಇದ್ದರೆ ಬಿಸಿ ಸ್ಟೇನ್‌ಲೆಸ್ ಸ್ಟೀಲ್ ಸೀಳುತ್ತದೆ. ಮುಂಬೈ, ಗೋವಾ ಕಡಲ ಬದಿಯವರು ಇದನ್ನು ಇನ್ನೂ ಜಾಸ್ತಿ ನೋಡಿಕೊಳ್ಳಬೇಕು.

ತಗೊಳ್ಳುವವರು ಕೊಟೇಶನ್ನಿನಲ್ಲೇ ಎಳೆತ ಎಷ್ಟು ಟನ್, ಸ್ಪ್ರಿಂಗ್ ರೇಟ್ (ಬೆಲ್ಲೋಸನ್ನು ಒಂದು ಮಿ.ಮೀ. ಅದುಮಲು ಬೇಕಾದ ಬಲ) ಎಷ್ಟು ಅಂತ ಬರೆಸಿಕೊಳ್ಳಿ. ಬರೆದುಕೊಡಲು ಹಿಂದೆಮುಂದೆ ನೋಡಿದರೆ ಬೇರೆಯವರ ಹತ್ತಿರ ಹೋಗಿ.