ಸತ್ಯಸಾಯಿ ಆಸ್ಪತ್ರೆಯೋ, ಸೇಂಟ್ ಜಾನ್ಸೋ? ದೇಣಿಗೆ ಕೊಡುವ ಮುನ್ನ

ಬೆಂಗಳೂರಿನಲ್ಲಿ ಜನರ ಆರೋಗ್ಯಕ್ಕೆ ಹಣ ಕೊಡಬೇಕು ಅಂತಿದ್ದರೆ ಈ ಎರಡು ಹೆಸರು ಕೇಳಿಬರುತ್ತವೆ. ಎರಡೂ ಧರ್ಮಶ್ರದ್ಧೆಯಿಂದ ಹುಟ್ಟಿದವು. ನಡೆಯುವ ದಾರಿ ಮಾತ್ರ ಬೇರೆ ಬೇರೆ.

ವೈಟ್‌ಫೀಲ್ಡ್‌ನ ಸತ್ಯಸಾಯಿ ಆಸ್ಪತ್ರೆ 2001ರಲ್ಲಿ ಶುರುವಾಯಿತು. ಹೃದಯ, ಮೆದುಳಿನ ಆಪರೇಷನ್ ಕೂಡ ಪೂರ್ತಿ ಉಚಿತ. ಅಲ್ಲಿ ಬಿಲ್ ಕೌಂಟರೇ ಇಲ್ಲ. ಮಗುವಿನ ಆಪರೇಷನ್‌ಗೆ ಹೊಲ ಮಾರಬೇಕಾದ ಮನೆಗೆ ಇದು ಎಷ್ಟು ದೊಡ್ಡ ಆಸರೆ ಅಲ್ವಾ!

ಸೇಂಟ್ ಜಾನ್ಸ್, 1963ರಲ್ಲಿ ಕ್ಯಾಥೊಲಿಕ್ ಬಿಷಪ್‌ಗಳು ಕಟ್ಟಿದ ಮೆಡಿಕಲ್ ಕಾಲೇಜು. ಇಲ್ಲಿ ಚಿಕಿತ್ಸೆಗೆ ದುಡ್ಡು ಕಟ್ಟಬೇಕು. ಬಡವರಿಗೆ ರಿಯಾಯಿತಿ ಇದೆ. ಆದರೆ ಕೆಲಸ ಆಸ್ಪತ್ರೆಯ ಗೇಟಿಗೇ ನಿಲ್ಲುವುದಿಲ್ಲ. ಸರ್ಜಾಪುರದ ಆಚೆ ಮುಗಳೂರಿನಲ್ಲಿ ಅವರದೇ ಆರೋಗ್ಯ ಕೇಂದ್ರವಿದೆ. ವಿದ್ಯಾರ್ಥಿಗಳು ಹಳ್ಳಿಯಲ್ಲಿ ಉಳಿದು, ಮನೆಮನೆಗೆ ಹೋಗಿ, ಕುಡಿಯುವ ನೀರು ಎಲ್ಲಿಂದ, ಮಕ್ಕಳಿಗೆ ಲಸಿಕೆ ಆಯಿತಾ ಎಂದು ಕೇಳಿ ಬರೆದುಕೊಳ್ಳುತ್ತಾರೆ. ಓದು ಮುಗಿಸಿದ ಅನೇಕರು ದೂರದ ಮಿಷನ್ ಆಸ್ಪತ್ರೆಗಳಲ್ಲಿ ದುಡಿಯುತ್ತಾರೆ.

ಒಂದು ಜೀವ ಇವತ್ತೇ ಉಳಿಯಲಿ ಅನ್ನುವವರು ವೈಟ್‌ಫೀಲ್ಡ್‌ಗೆ ಕೊಡಿ. ನನ್ನ ಒಲವು ಮುಗಳೂರಿನ ಕಡೆಗೇ ಜಾಸ್ತಿ. ಬಿಪಿ, ಸಕ್ಕರೆ ಕಾಯಿಲೆಯನ್ನು ಹಳ್ಳಿಯಲ್ಲೇ ಬೇಗ ಹಿಡಿದರೆ, ಎಷ್ಟೋ ಜನ ಆಪರೇಷನ್ ಟೇಬಲ್‌ವರೆಗೆ ಹೋಗುವುದೇ ತಪ್ಪುತ್ತದೆ. ಸುಮ್ನೆ ಚೆಕ್ ಬರೆದು ಕೊಡಬೇಡಿ. ಮುಗಳೂರಿನ ಕೆಲಸ ನೋಡಿಕೊಳ್ಳುವ ಸೇಂಟ್ ಜಾನ್ಸ್‌ನ ಸಮುದಾಯ ಆರೋಗ್ಯ ವಿಭಾಗಕ್ಕೇ ಹಣ ಹೋಗಲಿ ಎಂದು ಬರೆಸಿ, ರಸೀದಿ ತೆಗೆದುಕೊಳ್ಳಿ.