ಬೋಟಿಗೆ 18 ತಿಂಗಳು, ನಮಗೆ ಎಷ್ಟು?

ಮಂಜೇಶ್ವರದಿಂದ ಹೊಸದುರ್ಗದವರೆಗೆ ಯಾರಿಗಾದರೂ "ಮೆಡಿಟರೇನಿಯನ್ ಕಡಲಿನಲ್ಲಿ ಐದು ತಿಂಗಳು ಹಾಯಿದೋಣಿ, ಪಾಲು ಹಾಕಿ ಬನ್ನಿ" ಎಂಬ ಮೆಸೇಜು ವಾಟ್ಸಾಪಿನಲ್ಲಿ ಬಂದಿದ್ದರೆ, ಅಡ್ವಾನ್ಸ್ ಕಳಿಸುವ ಮೊದಲು ಇದನ್ನೊಮ್ಮೆ ಓದಿ. 2024ರಲ್ಲಿ ನಾನೂ ನನ್ನ ಭಾವನೂ ತಲಾ 5 ಲಕ್ಷದ 80 ಸಾವಿರ ಕಟ್ಟಿ ಹೋದವರು. ಐದು ತಿಂಗಳ ಪ್ಲ್ಯಾನು. ಭಾವ ಏಳನೇ ವಾರಕ್ಕೆ ಮನೆ ಸೇರಿದರು, ನಾನು ಒಂಬತ್ತನೇ ವಾರಕ್ಕೆ.

ನಾನು ಕಡಲು ಕಾಣದವನೇನಲ್ಲ. ಸರಕು ಹಡಗುಗಳ ಎಂಜಿನ್ ರೂಮಿನಲ್ಲಿ 22 ವರ್ಷ ಕಳೆದಿದ್ದೇನೆ. ನಮ್ಮ ಜಿಲ್ಲೆಯಲ್ಲಿ ಇದು ದೊಡ್ಡ ಮಾತೇನೂ ಅಲ್ಲ, ಕೋಟಿಕುಳಂ, ಪಾಲಕ್ಕುನ್ನು ಕಡೆಗೆ ಹೋದರೆ ಬೀದಿಗೊಬ್ಬ ಹಡಗಿನವ ಸಿಗುತ್ತಾನೆ. ಆದರೆ ನನ್ನನ್ನು ಮುಳುಗಿಸಿದ್ದು ಆ ಅನುಭವವೇ. ಹಡಗಿನಲ್ಲಿ ಪಾಸ್‌ಪೋರ್ಟು ಕ್ಯಾಪ್ಟನ್ನನ ಕಪಾಟಿನಲ್ಲಿರುತ್ತದೆ. ಬಂದರು ಬಂದರೆ ಕಂಪೆನಿಯ ಏಜೆಂಟು ಹತ್ತುತ್ತಾನೆ, ಕಾಗದವೆಲ್ಲ ಅವನೇ ನೋಡಿಕೊಳ್ಳುತ್ತಾನೆ, ದಡಕ್ಕಿಳಿಯಲು ನಮ್ಮ ಕೈಗೆ ಶೋರ್ ಪಾಸ್ ಬರುತ್ತದೆ, ನಾವು ಪೇಟೆಗೆ ಹೋಗಿ ಸಿಮ್ ಕಾರ್ಡ್ ಹುಡುಕುತ್ತೇವೆ. ಇಷ್ಟು ವರ್ಷದಲ್ಲಿ ನನ್ನ ಪಾಸ್‌ಪೋರ್ಟಿನಲ್ಲಿ ಏನು ಬರೆದಿದೆ ಎಂದು ನಾನು ಕೂತು ಓದಿದ್ದೇ ಇಲ್ಲ. ಹಾಯಿದೋಣಿ ಹತ್ತಿದವನು ನಾವಿಕನಲ್ಲ, ಟೂರಿಸ್ಟು. ನಾವಿಕರ ದಾಖಲೆಯಾದ ನನ್ನ ಸಿಡಿಸಿ ಪುಸ್ತಕವನ್ನು ಅಲ್ಲಿ ಯಾರೂ ತೆರೆದು ಸಹ ನೋಡಲಿಲ್ಲ.

ಮಧ್ಯವರ್ತಿ ಕೊಚ್ಚಿಯವ, ಹೆಸರು ಬೇಡ. ಕಾಸರಗೋಡಿನ ಹೋಟೆಲೊಂದರಲ್ಲಿ ಲ್ಯಾಪ್‌ಟಾಪ್ ತೆರೆದು ನಕ್ಷೆ ತೋರಿಸಿದ. ಮೇ, ಜೂನ್, ಜುಲೈ ಗ್ರೀಸ್. ಆಗಸ್ಟ್ ತುರ್ಕಿ. ಸೆಪ್ಟೆಂಬರ್ ಕ್ರೊಯೇಷಿಯಾ. ಬೋಟು 38 ಅಡಿಯದ್ದು, ಬ್ರಿಟಿಷ್ ಬಾವುಟ, ಬೋಟು ನಡೆಸುವ ಸ್ಕಿಪ್ಪರ್ ಕೂಡ ಬ್ರಿಟಿಷರವ. ನಾವು ನಾಲ್ವರು ಪಾಲುದಾರರು. ನೀರ್ಚಾಲಿನಲ್ಲಿ ಅಡಕೆ ತೋಟ ನೋಡಿಕೊಂಡಿರುವ ನನ್ನ ಭಾವ, ಕಡಲನ್ನು ದಡದಿಂದ ಮಾತ್ರ ನೋಡಿದವರು, ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದರು: "ಅಷ್ಟು ದಿನ ನಮ್ಮನ್ನು ಅಲ್ಲಿ ಇರ್ಲಿಕ್ಕೆ ಬಿಡ್ತಾರಾ?"

"ಬೋಟಿಗೆ 18 ತಿಂಗಳು ಉಂಟಲ್ಲ ಸಾರ್."

ಅವನು ಸುಳ್ಳು ಹೇಳಲಿಲ್ಲ, ಅದೇ ಕಷ್ಟ. ಐರೋಪ್ಯ ಒಕ್ಕೂಟದ ಹೊರಗಿನ ಖಾಸಗಿ ಬೋಟನ್ನು ಹೊರಗಿನ ನಿವಾಸಿ ತಂದರೆ, ಸುಂಕ ಕಟ್ಟದೆ 18 ತಿಂಗಳು ಅಲ್ಲಿ ಇಟ್ಟುಕೊಳ್ಳಬಹುದು. ಅದು ಬೋಟಿನ ಲೆಕ್ಕ, ಕಸ್ಟಮ್ಸಿನವರ ಲೆಕ್ಕ. ಮನುಷ್ಯರ ಲೆಕ್ಕವೇ ಬೇರೆ: ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ಷೆಂಗೆನ್ ದೇಶಗಳೆಲ್ಲ ಸೇರಿ, ಯಾವುದೇ 180 ದಿನಗಳಲ್ಲಿ 90 ದಿನ. ನಾವು ತಲೆ ಅಲ್ಲಾಡಿಸಿ ಚಹಾ ಕುಡಿದು ಎದ್ದೆವು.

ಈಗ ಆ ಪ್ಲ್ಯಾನನ್ನು ಪೆನ್ನು ಹಿಡಿದು ನೋಡಿ. ಮೇ 31, ಜೂನ್ 30, ಜುಲೈ 31, ಒಟ್ಟು 92. ಗ್ರೀಸ್ ಒಂದರಲ್ಲೇ ಎರಡು ದಿನ ಹೆಚ್ಚಾಯಿತು. ಮೇ 1ರಂದು ಕಾಲಿಟ್ಟವನ 90ನೇ ದಿನ ಜುಲೈ 29. ಆಮೇಲೆ ಆಗಸ್ಟ್ ಪೂರ್ತಿ ಹೊರಗಿದ್ದು ಬಂದರೂ ಹಳೆಯ ದಿನಗಳು ಅಳಿಸಿಹೋಗುವುದಿಲ್ಲ, ಏಕೆಂದರೆ ಪ್ರತಿ ದಿನವೂ ಹಿಂದಿನ 180 ದಿನಗಳನ್ನು ಎಣಿಸುತ್ತಾರೆ. ಮೇ 1 ಆ ಎಣಿಕೆಯಿಂದ ಜಾರಿ ಹೊರಗೆ ಬೀಳುವುದು ಅಕ್ಟೋಬರ್ 28ಕ್ಕೆ. ಹಾಗಾದರೆ ಸೆಪ್ಟೆಂಬರಿನ ಕ್ರೊಯೇಷಿಯಾ? ಅದು 2022ರ ಕೊನೆಯವರೆಗೆ ಷೆಂಗೆನ್‌ನ ಹೊರಗಿತ್ತು. ಆಗ ಹಾಯಿದೋಣಿಯವರು ದಿನ ಉಳಿಸಲಿಕ್ಕೆ ಅಲ್ಲಿಗೆ ಹೋಗುತ್ತಿದ್ದರು. 2023ರ ಜನವರಿ 1ರಿಂದ ಅದೂ ಒಳಗೆ. ಅಂದರೆ ನಮಗೆ ಮಾರಿದ್ದು ಹಳೇ ಪ್ಲ್ಯಾನು, ಇಸವಿ ಮಾತ್ರ ಹೊಸದು. ಅದೂ ಇರಲಿ, ಈ ಬೋಟು ಓಡುವುದು 5 ನಾಟ್ ವೇಗದಲ್ಲಿ, ಎಂದರೆ ಗಂಟೆಗೆ 9 ಕಿ.ಮೀ., ಸೈಕಲ್ಲಿಗಿಂತ ನಿಧಾನ. ತುರ್ಕಿಯಿಂದ ಕ್ರೊಯೇಷಿಯಾಕ್ಕೆ ನೂರಾರು ನಾಟಿಕಲ್ ಮೈಲಿ, ಬಹುಪಾಲು ವಾಯವ್ಯದ ಗಾಳಿಗೆ ಎದುರಾಗಿ. ಎಂಜಿನ್ ರೂಮಿನವನಾದ ನನಗೆ ಇದಾದರೂ ಹೊಳೆಯಬೇಕಿತ್ತು.

ಇದೆಲ್ಲ ತೊಂಬತ್ತು ದಿನ ಪೂರ್ತಿ ಸಿಕ್ಕವರ ಕಥೆ. ವೀಸಾ ಇಲ್ಲದೆ ಒಳಗೆ ಹೋಗುವ ಬ್ರಿಟಿಷರವನಿಗೆ 90 ಎಂದರೆ 90. ನಮಗೆ ವೀಸಾ ಸ್ಟಿಕರಿನಲ್ಲಿ ಎಷ್ಟು ಬರೆದಿದೆಯೋ ಅಷ್ಟೆ. ನನ್ನ ಅರ್ಜಿ ತುಂಬಿದವನು ಮಧ್ಯವರ್ತಿ. ಸಿಕ್ಕಿದ್ದು 60 ದಿನ. ಕೇಳಿದ್ದಕ್ಕೆ, "ಮಧ್ಯದಲ್ಲಿ ಒಂದು ದಿನ ತುರ್ಕಿಗೆ ಹೋಗಿ ಸ್ಟ್ಯಾಂಪ್ ಹಾಕಿಸಿ ಬಂದರೆ ಹೊಸದಾಗಿ ಶುರು" ಎಂದ. ನಂಬಿದೆ. ದುಬೈಯಲ್ಲಿ ವಿಸಿಟ್ ವೀಸಾ ಮುಗಿದವರು ಕಿಶ್ ದ್ವೀಪಕ್ಕೆ ಹಾರಿ, ಅಲ್ಲಿ ನಾಲ್ಕು ದಿನ ಕಾದು, ಹೊಸ ವೀಸಾದಲ್ಲಿ ತಿರುಗಿ ಬರುತ್ತಿದ್ದ ಕಥೆಗಳನ್ನು ಕೇಳಿ ಬೆಳೆದ ಊರು ನಮ್ಮದು. ಗಡಿ ದಾಟಿ ಬಂದರೆ ಗಡಿಯಾರ ಸೊನ್ನೆಗೆ ತಿರುಗುತ್ತದೆ ಎಂಬುದು ನಮ್ಮ ರಕ್ತದಲ್ಲೇ ಇದೆ. ಯುರೋಪಿನಲ್ಲಿ ತಿರುಗುವುದಿಲ್ಲ.

ಮೇ 12ಕ್ಕೆ ಅಥೆನ್ಸ್‌ನಲ್ಲಿ ಇಳಿದೆವು. ಲಾವ್ರಿಯೊ ಬಂದರಿನಲ್ಲಿ ಬೋಟು. ಮೊದಲ ದಿನಗಳು ಚೆನ್ನಾಗಿಯೇ ಇದ್ದವು, ಅದನ್ನು ಬರೆಯಲು ಈಗ ಮನಸ್ಸಿಲ್ಲ. ಆದರೆ ಎರಡನೇ ರಾತ್ರಿ ಸ್ಕಿಪ್ಪರ್ ಊಟದ ಮೇಜಿನಲ್ಲಿ ಹೇಳಿದ ಮಾತೊಂದನ್ನು ಬರೆಯಲೇಬೇಕು: "ಬಂದರು ಪೊಲೀಸರು ಕೇಳಿದರೆ ನಾವೆಲ್ಲ ಗೆಳೆಯರು ಅನ್ನಿ. ಊಟದ ಖರ್ಚು ಮಾತ್ರ ಹಂಚಿಕೊಳ್ಳುತ್ತೇವೆ ಅನ್ನಿ." ಯಾರಾದರೂ ನಿಮಗೆ ಹೀಗೆ ಹೇಳಿದರೆ ಆ ರಾತ್ರಿಯೇ ಚೀಲ ಕಟ್ಟಿ. 18 ತಿಂಗಳ ಆ ರಿಯಾಯಿತಿ ಸ್ವಂತಕ್ಕೆ ಬಳಸುವ ಬೋಟಿಗೆ ಮಾತ್ರ. ದುಡ್ಡು ತೆಗೆದುಕೊಂಡು ಜನರನ್ನು ಕೂರಿಸಿದರೆ ಅದು ವ್ಯಾಪಾರ, ಅದಕ್ಕೆ ಬೇರೆ ಲೈಸೆನ್ಸು, ಬೇರೆ ವಿಮೆ. ನಮ್ಮ ಬೋಟಿಗೆ ಎರಡೂ ಇರಲಿಲ್ಲ. ಇದು ಗೊತ್ತಾದದ್ದು ಭಾವನ ಹೆಬ್ಬೆರಳಿಗೆ ಪೆಟ್ಟಾದ ಮೇಲೆ.

ಜೂನ್ ಕೊನೆ. ಸಿರೋಸ್‌ನಿಂದ ಪಾರೋಸ್‌ಗೆ ಹೊರಟಿದ್ದೆವು. ಏಜಿಯನ್ ಕಡಲಿನಲ್ಲಿ ಬೇಸಗೆಗೆ ಮೆಲ್ಟೆಮಿ ಎಂಬ ಬಡಗಣ ಗಾಳಿ ಬೀಸುತ್ತದೆ. ಬಾಲ್ಕನ್ ಕಡೆ ವಾಯುಭಾರ ಹೆಚ್ಚು, ತುರ್ಕಿಯ ಮೇಲೆ ಕಡಿಮೆ, ಅವುಗಳ ನಡುವೆ ಈ ಗಾಳಿ. ತುರ್ಕಿಯ ಮೇಲಿನ ಆ ಕುಸಿತ ನಮ್ಮ ಮುಂಗಾರನ್ನು ಎಳೆದು ತರುವ ದೊಡ್ಡ ಕುಸಿತದ್ದೇ ಪಡುವಣ ಬಾಲವಂತೆ. ಊರಿನಲ್ಲಿ ಪತ್ತನಾಜೆ ಕಳೆದು ಮಳೆ ಹೊಯ್ಯುತ್ತಿದ್ದ ಹೊತ್ತಿಗೆ ಅಲ್ಲಿ ಆಕಾಶ ತೊಳೆದಿಟ್ಟ ಗಾಜಿನ ಹಾಗೆ. ನಮಗೆ ಗಾಳಿಯ ಸುದ್ದಿಯನ್ನು ಮೋಡ ತರುತ್ತದೆ. ಪಡುವಣದಲ್ಲಿ ಕಪ್ಪು ಕಟ್ಟಿದರೆ ಕುಂಬಳೆಯ ಮಕ್ಕಳಿಗೂ ಗೊತ್ತಾಗುತ್ತದೆ. ಅಲ್ಲಿ ತುಣುಕು ಮೋಡವೂ ಇಲ್ಲದೆ, ಬಿಸಿಲು ಹೊಳೆಯುತ್ತಿರುವಾಗಲೇ, ಕಡಲಿನ ಮೇಲೆ ಬಿಳಿ ನೊರೆ ಏಳುತ್ತದೆ.

"ಮೋಡ ಇಲ್ಲೆ, ಗಾಳಿ ಮಾತ್ರ ಇದ್ದು ಭಾವ," ಎಂದರು ನನ್ನ ಭಾವ, ನಗುತ್ತಲೇ.

ಮುನ್ಸೂಚನೆಯಲ್ಲಿ ಗಾಳಿಯ ಬಲ ಬ್ಯೂಫೋರ್ಟ್ 7 ಎಂದಿತ್ತು, ಎಂದರೆ 28ರಿಂದ 33 ನಾಟ್. ಕಾಯುವುದು ಬಿಟ್ಟು ಸ್ಕಿಪ್ಪರ್ ಹೊರಟ, ಅವನ ಕ್ಯಾಲೆಂಡರಿನಲ್ಲಿ ಪಾರೋಸ್‌ಗೆ ಇನ್ಯಾರೋ ಬರುವವರಿದ್ದರು. ಮುಂದಿನ ಹಾಯಿಯ ಹಗ್ಗವನ್ನು ಬಿಗಿಯುವ ಡ್ರಮ್ಮಿಗೆ, ಎಂದರೆ ವಿಂಚಿಗೆ, ಮೂರು ಸುತ್ತು ಹಾಕಿತ್ತು. ಹಾಯಿ ಬಿಗಿಯಾಗಿ ನಡುಗುತ್ತಿದ್ದಾಗ ಭಾವನಿಗೆ "ಸ್ವಲ್ಪ ಸಡಿಲಿಸಿ" ಎಂದ. ಹಗ್ಗ ಸಡಿಲಿಸುವಾಗ ಹೆಬ್ಬೆರಳನ್ನು ಒಳಗೆ ಮಡಚಿ, ಅಂಗೈಯನ್ನು ಸುತ್ತುಗಳ ಮೇಲೆ ಒತ್ತಿ, ಇಂಚಿಂಚೇ ಬಿಡಬೇಕು. ಇದನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ನಾನೂ ಸೇರಿ. ಅವರು ದನದ ಹಗ್ಗ ಹಿಡಿದ ಹಾಗೆ ಮುಷ್ಟಿಯಲ್ಲಿ ಹಿಡಿದಿದ್ದರು, ಹೆಬ್ಬೆರಳು ಮೇಲೆ. ಒಂದು ಸುತ್ತು ಜಾರಿತು. ಹಗ್ಗ ಕೈಯನ್ನು ಡ್ರಮ್ಮಿಗೆ ಎಳೆದುಕೊಂಡಿತು. ಕೂಗಲೂ ಇಲ್ಲ ಪುಣ್ಯಾತ್ಮರು, "ಹ್ಞಾ" ಎಂದರು ಅಷ್ಟೆ. ಮೇಲಿನ ಗೆಣ್ಣು ಮುರಿದು, ಉಗುರು ಅರ್ಧ ಎದ್ದು ನಿಂತಿತ್ತು. ಪಾರೋಸ್ ತಲುಪಲು ಇನ್ನೂ ಎರಡು ಗಂಟೆ. ಸ್ನಾನದ ತೋರ್ತಿನಲ್ಲಿ ಸುತ್ತಿ ಹಿಡಿದುಕೊಂಡು ಕೂತಿದ್ದೆ.

ದ್ವೀಪದ ಆಸ್ಪತ್ರೆಯಲ್ಲಿ ಹೊಲಿಗೆ, ಹಡಗಿನಲ್ಲಿ ಪಿರೆಯಸ್, ಅಥೆನ್ಸ್‌ನಲ್ಲಿ ಆಪರೇಶನ್. ಜರ್ಮನಿಯಲ್ಲಿರುವ ಅವರ ಮಗಳು ಬಂದು ನೋಡಿಕೊಂಡಳು. ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋದ ವಿಮೆ ಕಡ್ಡಾಯ, ಹಾಗಾಗಿ ಪಾಲಿಸಿ ಇತ್ತು. ಆದರೆ ಕ್ಲೈಮು ತಿರಸ್ಕಾರವಾಯಿತು. ಖಾಸಗಿ ಬೋಟಿನ ಪಟ್ಟಿಯಲ್ಲಿ ನಮ್ಮೆಲ್ಲರನ್ನೂ ಸಿಬ್ಬಂದಿ ಎಂದು ಬರೆಸಿದ್ದರು, ಪಾಲಿಸಿಯಲ್ಲಿ ಸಿಬ್ಬಂದಿಯಾಗಿ ದುಡಿಯುವವರಿಗೆ ರಕ್ಷಣೆ ಇಲ್ಲ. ಬೋಟಿನ ವಿಮೆಯವರನ್ನು ಕೇಳಿದರೆ, ಮಧ್ಯವರ್ತಿಯ ರಸೀದಿ ನೋಡಿ, "ಇವರು ಹಣ ಕೊಟ್ಟ ಪ್ರಯಾಣಿಕರು, ನಮ್ಮ ಪಾಲಿಸಿ ಮನೆಯವರಿಗೂ ಗೆಳೆಯರಿಗೂ ಮಾತ್ರ" ಎಂದರು. ಪೊಲೀಸರಿಗೆ ಗೆಳೆಯರು, ಪಟ್ಟಿಯಲ್ಲಿ ಸಿಬ್ಬಂದಿ, ರಸೀದಿಯಲ್ಲಿ ಗಿರಾಕಿ. ಒಬ್ಬನೇ ಮನುಷ್ಯ ಮೂರು ಕಾಗದಗಳಲ್ಲಿ ಮೂರು ಜನ. ಪ್ರತಿಯೊಬ್ಬರೂ ತಮಗೆ ಬೇಕಾದ ಕಾಗದವನ್ನೇ ಹಿಡಿದುಕೊಂಡರು.

ಆಗಲೇ ನಾನೂ ಹಿಂತಿರುಗಬೇಕಿತ್ತು. ಭಾವನೇ, "ಕೊಟ್ಟ ದುಡ್ಡಿಗಾದರೂ ನೀನು ಮುಗಿಸಿ ಬಾ" ಎಂದರು. ನನಗೂ ಹಟ.

ಅಮೊರ್ಗೊಸ್, ಅಸ್ಟಿಪಾಲಿಯಾ ದಾಟಿ ಜುಲೈ 4ಕ್ಕೆ ಕೋಸ್. ನನ್ನ 60ರಲ್ಲಿ ಉಳಿದದ್ದು ಆರು ದಿನ. ಕೋಸ್‌ನ ಧಕ್ಕೆಯಲ್ಲಿ ನಿಂತರೆ ಎದುರಿಗೇ ತುರ್ಕಿಯ ಗುಡ್ಡ, ರಾತ್ರಿ ಆಚೆ ದಡದ ದೀಪಗಳು. ನನಗೆ ನೆನಪಾದದ್ದು ಕರ್ನಾಟಕ-ಕೇರಳ ಗಡಿಯ ತಲಪಾಡಿ. ಒಂದೇ ಕಡಲು, ಆಚೆ ಮಳೆಗಾಲದ ಮೀನುಗಾರಿಕೆ ನಿಷೇಧ 61 ದಿನ, ಈಚೆ ಟ್ರಾಲಿಂಗ್ ನಿಷೇಧ 52 ದಿನ. 2020ರಲ್ಲಿ ಅದೇ ತಲಪಾಡಿ ಮುಚ್ಚಿ, ಮಂಗಳೂರಿನ ಆಸ್ಪತ್ರೆಗೆ ಹೋಗಲಾಗದೆ ನಮ್ಮವರು ಪಟ್ಟ ಪಾಡನ್ನು ಕಂಡವನು ನಾನು. ಇಷ್ಟು ಹತ್ತಿರ ಎಂಬ ಮಾತಿಗೆ ಅರ್ಥವಿಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕಿತ್ತು? ಆದರೂ ಮರುದಿನ ಬೆಳಿಗ್ಗೆ ಕೋಸ್‌ನ ಕೌಂಟರಿನಲ್ಲಿ ನಿರ್ಗಮನದ ಸೀಲು ಹಾಕಿಸಿಕೊಂಡೆ. ಟಪ್ ಎಂದು ಒತ್ತಿದರು, ಮುಖವನ್ನೂ ನೋಡಲಿಲ್ಲ.

ಬೋಡ್ರಂ ಹತ್ತಿರ ಬಂದಾಗ, ಹೊರದೇಶದಿಂದ ಬಂದಿದ್ದೇವೆ ಎಂದು ತಿಳಿಸುವ ಹಳದಿ ಬಾವುಟ ಏರಿಸಿ ಒಳಗೆ ಹೋದೆವು. ತುರ್ಕಿಯಲ್ಲಿ ಬೋಟಿಗೆ ಟ್ರಾನ್ಸಿಟ್ ಲಾಗ್ ಎಂಬ ಪರವಾನಗಿ ಕಾಗದ ಬೇಕು, ಅದನ್ನು ಮಾಡಿಸುವುದು ಏಜೆಂಟರ ಮೂಲಕ. ಅಲ್ಲಿನ ಕಚೇರಿಯಲ್ಲಿ ಐವತ್ತರ ಹೆಂಗಸೊಬ್ಬರು ನಮ್ಮ ಪಾಸ್‌ಪೋರ್ಟುಗಳನ್ನು ಒಂದೊಂದೇ ತಿರುವುತ್ತಿದ್ದರು. ನನ್ನದರಲ್ಲಿ ನಿಂತರು. ಕನ್ನಡಕ ಏರಿಸಿ, ಷೆಂಗೆನ್ ಸ್ಟಿಕರಿನ ಮೇಲೆ ಪೆನ್ನಿನ ಹಿಂಬದಿ ಇಟ್ಟರು. "ನೀವು ಗ್ರೀಸ್‌ಗೆ ಹಿಂದೆ ಹೋಗುವವರಾ?"

ಹೌದು ಎಂದೆ.

ಪೆನ್ನಿನ ಕೆಳಗೆ ಎರಡು ಅಂಕಿ: 01. ಪ್ರವೇಶಗಳ ಸಂಖ್ಯೆ. ಅಲ್ಲಿ ಎಂ ಯು ಎಲ್ ಟಿ ಎಂದಿದ್ದರೆ ಹಲವು ಬಾರಿ ಹೋಗಿ ಬರಬಹುದು, 01 ಎಂದರೆ ಒಂದೇ ಬಾರಿ, ಹೊರಗೆ ಕಾಲಿಟ್ಟರೆ ಮುಗಿಯಿತು, ದಿನ ಉಳಿದಿದ್ದರೂ. ಮಗಳ ಮನೆಗೆ ಎರಡು ಸಲ ಹೋಗಿಬಂದಿದ್ದ ಭಾವನ ವೀಸಾದಲ್ಲಿ ಹಲವು ಬಾರಿ ಎಂದಿತ್ತು. ಹೊರಡುವ ಮೊದಲು ಅವರ ಸ್ಟಿಕರನ್ನು ಇಬ್ಬರೂ ಕೂತು ಓದಿದ್ದೆವು. ನನ್ನದೂ ಹಾಗೇ ಎಂದುಕೊಂಡು ಪುಟ ಮಡಚಿದ್ದೆ. ಭಾರತೀಯರಿಗೆ ದೀರ್ಘಾವಧಿಯ, ಹಲವು ಪ್ರವೇಶದ ವೀಸಾ ಕೊಡುವ ನಿಯಮವನ್ನು 2024ರ ಏಪ್ರಿಲಿನಲ್ಲಿ ಸಡಿಲಿಸಿದ್ದು ನಿಜ, ಆದರೆ ಅದು ಹಿಂದಿನ ಮೂರು ವರ್ಷಗಳಲ್ಲಿ ಎರಡು ವೀಸಾ ಪಡೆದು ಸರಿಯಾಗಿ ಬಳಸಿದವರಿಗೆ. ಹೊಸಬನಾದ ನನಗಲ್ಲ.

ತುರ್ಕಿಯಲ್ಲಾದರೂ ಉಳಿಯೋಣ ಎಂದರೆ, ಅಲ್ಲಿನ ಇ-ವೀಸಾ ನಮ್ಮವರಿಗೆ ಸಿಗುವುದೇ ಷೆಂಗೆನ್, ಅಮೆರಿಕ, ಬ್ರಿಟನ್ ಅಥವಾ ಐರ್ಲೆಂಡಿನ ಚಾಲ್ತಿ ವೀಸಾದ ಆಸರೆಯಲ್ಲಿ, 30 ದಿನಕ್ಕೆ, ಒಂದೇ ಪ್ರವೇಶಕ್ಕೆ. (ಆ ಪ್ಲ್ಯಾನಿನ ಆಗಸ್ಟಿಗೆ 31 ದಿನ.) ಸ್ಕಿಪ್ಪರಿಗೆ ತಡವಾಗುತ್ತಿತ್ತು. ನನ್ನ ಹೆಸರನ್ನು ಪಟ್ಟಿಯಿಂದ ತೆಗೆಸಿದ, ಕೈ ಕುಲುಕಿದ, ಬೋಟು ಹೋಯಿತು. ಅಥೆನ್ಸ್‌ನಿಂದ ಕೊಚ್ಚಿಗೆ ಮಾಡಿಸಿದ್ದ ಟಿಕೆಟ್ ಕಸವಾಯಿತು. ಇಸ್ತಾಂಬುಲ್ ಮೇಲೆ ಹೊಸ ಟಿಕೆಟಿಗೆ 62 ಸಾವಿರ. ಲಾವ್ರಿಯೊದಲ್ಲಿ ಇಟ್ಟಿದ್ದ ದೊಡ್ಡ ಪೆಟ್ಟಿಗೆ ಈಗಲೂ ಅಲ್ಲೇ ಇರಬೇಕು, ಅದರಲ್ಲಿ ಎರಡು ಕಿಲೋ ಹಪ್ಪಳವೂ ಇತ್ತು.

ಸ್ವಂತವಾಗಿ ಹೋಗುವವರಿಗೆ ಇನ್ನೊಂದು. 2025ರ ಅಕ್ಟೋಬರ್ 12ರಿಂದ ಷೆಂಗೆನ್ ಗಡಿಗಳಲ್ಲಿ ಬೆರಳಚ್ಚು, ಮುಖದ ಫೋಟೊ ತೆಗೆದು ಕಂಪ್ಯೂಟರಿಗೆ ಏರಿಸುವ ವ್ಯವಸ್ಥೆ ಶುರುವಾಗಿದೆ. ಮಸುಕಾದ ಸೀಲು ನೋಡಿ ಅಧಿಕಾರಿ ಎಣಿಕೆ ತಪ್ಪಿಯಾನು ಎಂಬ ಆಸೆಯೂ ಬೇಡ.

ಮಧ್ಯವರ್ತಿ ಹಣ ಹಿಂದೆ ಕೊಟ್ಟಿಲ್ಲ. ಗ್ರಾಹಕರ ಕೋರ್ಟಿಗೆ ಕೊಟ್ಟಿದ್ದೇವೆ, ನಡೆಯುತ್ತಿದೆ. ಭಾವನ ಹೆಬ್ಬೆರಳು ಮಡಚುವುದಿಲ್ಲ. ಅಡಕೆ ಸುಲಿಯುವಾಗ ಕತ್ತಿಯ ಮೇಲೆ ಕಾಯಿ ಒತ್ತಲಾಗದೆ ಈಗ ಪೂರ್ತಿ ಕೆಲಸದವರ ಕೈಗೇ ಬಿಟ್ಟಿದ್ದಾರೆ.

ಕಳೆದ ವಾರ ಪೆರ್ಲದ ಗೆಳೆಯರೊಬ್ಬರು, "ಇದು ಹೇಗೆ, ಹೋಗಬಹುದಾ?" ಎಂದು ಒಂದು ಬ್ರೋಷರ್ ಕಳಿಸಿದರು. ಅದೇ ನಕ್ಷೆ, ಅದೇ ನೀಲಿ ಗೆರೆ. ಮೇ, ಜೂನ್, ಜುಲೈ ಗ್ರೀಸ್. ಆಗಸ್ಟ್ ತುರ್ಕಿ. ಸೆಪ್ಟೆಂಬರ್ ಕ್ರೊಯೇಷಿಯಾ. ಫೋಟೊದಲ್ಲಿ ಹಗ್ಗ ಹಿಡಿದು ನಗುತ್ತಿರುವವರು ನನ್ನ ಭಾವ.