ಆರೋಗ್ಯವಾಗಿದ್ದ ನಾಯಿಗೆ ಜ್ವರ ಎಂದು ಕೂಗಿದ ಥರ್ಮಾಮೀಟರ್

ಕಲಬುರಗಿಯ ಸೂಪರ್ ಮಾರ್ಕೆಟ್ ಬಳಿಯ ಔಷಧ ಅಂಗಡಿಯಲ್ಲಿ 190 ರೂಪಾಯಿಗೆ ಕೊಂಡ ಡಿಜಿಟಲ್ ಥರ್ಮಾಮೀಟರ್ ಇದು. “ಮಗುವಿಗೋ ದೊಡ್ಡವರಿಗೋ?” ಎಂದ ಅಂಗಡಿಯ ಹುಡುಗ. “ಗಬ್ಬದ ನಾಯಿಗೆ” ಎಂದೆ. ನಗಲಿಲ್ಲ. ಕೈಯಲ್ಲಿದ್ದುದನ್ನು ಒಳಗಿಟ್ಟು, ತುದಿ ಬಾಗುವಂಥದ್ದನ್ನು ತೆಗೆದುಕೊಟ್ಟ. ಅಂಗಡಿಗೆ ಪೂರ್ತಿ ಅಂಕ.

ನಮ್ಮ ಚಂದ್ರಿ ಮುಧೋಳ ತಳಿ, ಚೊಚ್ಚಲು. ನಾಯಿಯ ಗಬ್ಬ ಸುಮಾರು 63 ದಿನ. ಆದರೆ ಕೂಡಿಸಿದ ದಿನದಿಂದ ಎಣಿಸಿದರೆ ನಾಲ್ಕೈದು ದಿನ ಹಿಂದೆ ಮುಂದೆ ಆಗುತ್ತದೆ. ಅದಕ್ಕೇ ಕೊನೆಯ ವಾರ ದಿನಕ್ಕೆ ಎರಡು ಸಲ ತಾಪ ನೋಡಿ ಬರೆದಿಡಲು ಪಶುವೈದ್ಯರು ಹೇಳಿದ್ದರು. 99 ಡಿಗ್ರಿಗಿಂತ ಕೆಳಗಿಳಿದರೆ ಸಾಮಾನ್ಯವಾಗಿ ಒಂದು ದಿನದೊಳಗೆ ಹೆರಿಗೆ. ಇಳಿದು 24 ಗಂಟೆಯಾದರೂ ಏನೂ ಆಗದಿದ್ದರೆ ಕೂಡಲೇ ಕರೆ ಮಾಡಬೇಕು.

ನೋಡುವುದು ಬಾಯಲ್ಲಲ್ಲ, ಬಾಲದ ಕೆಳಗೆ. ತುದಿಗೆ ವ್ಯಾಸಲೀನ್ ಸವರಿಕೊಂಡು ಕೂತ ಮೊದಲ ದಿನ ಚಂದ್ರಿ ಹೊರಳಿ ನೋಡಿದ ನೋಟಕ್ಕೆ ನಾನೇ ನಾಚಿದೆ. ಆಮೇಲೆ ಕಡಕ್ ರೊಟ್ಟಿಯ ಚೂರೊಂದರಲ್ಲಿ ರಾಜಿಯಾಯಿತು.

ಈಗ ದೂರು. ಯಂತ್ರ ಮನುಷ್ಯರದು, 100 ಡಿಗ್ರಿ ದಾಟಿದರೆ ಜ್ವರವೆಂದು ಪೀಪೀಪೀ ಅರಚುತ್ತದೆ. ಗಟ್ಟಿಮುಟ್ಟಾದ ನಾಯಿಯ ಮೈ ಇರುವುದೇ 101ರಿಂದ 102.5. ಹಾಗಾಗಿ ಬೆಳಿಗ್ಗೆ ಸಂಜೆ ಅರಚಾಟ, ಅಡುಗೆಮನೆಯಿಂದ ಅವ್ವನ ವಿಚಾರಣೆ: “ಇನ್ನೂ ಜ್ವರ ಬಿಡಲಿಲ್ಲವೇ?” ಇನ್ನೊಂದು, ನಮ್ಮೂರಿನ ಮೇ ತಿಂಗಳು ಇದಕ್ಕೆ ಆಗದು. ಬಿಸಿಲು ಬೀಳುವ ಕಿಟಕಿಯಲ್ಲಿ ಮರೆತಿದ್ದೆ. ಗುಂಡಿ ಒತ್ತಿದರೆ ಪರದೆಯ ಮೇಲೆ ಬರೀ ‘ಎಚ್’. ತಣ್ಣಗಾಗುವ ತನಕ ಕಾಯಬೇಕಾಯಿತು.

61ನೆಯ ದಿನ ಬೆಳಿಗ್ಗೆ ಅರಚಲಿಲ್ಲ. ಒಂದೇ ಉದ್ದನೆಯ ಸದ್ದು, 98.4. “ಅಂತೂ ಜ್ವರ ಬಿಟ್ಟಿತು” ಎಂದಳು ಅವ್ವ. ನಾನು ಮಾತ್ರ ರಜೆ ಹಾಕಿ, ಮರದ ಪೆಟ್ಟಿಗೆಗೆ ಹಳೆಯ ಧೋತರ ಹಾಸಲು ಓಡಿದೆ. ಮಧ್ಯಾಹ್ನ ಚಂದ್ರಿ ರೊಟ್ಟಿ ಮೂಸಿಯೂ ನೋಡಲಿಲ್ಲ. ಏದುಸಿರು ಬಿಡುತ್ತಾ ಧೋತರವನ್ನು ಕೆರೆದು ಕೆರೆದು ಮೂಲೆಗೆ ಒಟ್ಟಿದಳು. ರಾತ್ರಿ ಎರಡಕ್ಕೆ ಮೊದಲ ಮರಿ, ಬೆಳಗಾಗುವಷ್ಟರಲ್ಲಿ ಐದು.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಡಬ್ಬಿಯ ಮೇಲೆ ಕೆಂಪು ಶಾಯಿಯಲ್ಲಿ ‘ಚಂದ್ರಿಯದು’ ಎಂದು ಬರೆದು ಮನೆಮಂದಿಗೆಲ್ಲ ತೋರಿಸಿದ್ದೇನೆ. ಅವ್ವನಿಗೆ ಎರಡು ಸಲ.